ಯುಎಸ್‌ಎಫ್‌ಎಲ್‌ಗೆ ಸಿಕ್ಕ ಪರಿಹಾರ: 1 ಡಾಲರೋ, 3 ಡಾಲರೋ?

1980ರ ದಶಕದ ಅಮೆರಿಕನ್ ಫುಟ್ಬಾಲ್ ಲೀಗ್ ಯುಎಸ್‌ಎಫ್‌ಎಲ್ ತನ್ನ ದೊಡ್ಡ ಎದುರಾಳಿ ಲೀಗ್ ಎನ್‌ಎಫ್‌ಎಲ್ ಮೇಲೆ ಹೂಡಿದ ಮೊಕದ್ದಮೆಯ ಬಗ್ಗೆ ಲೇಖನ ಬರೆಯುತ್ತಿರುವ ನೀವು, ಅದಕ್ಕೆ ಸಿಕ್ಕ ಪರಿಹಾರ ಎಷ್ಟು ಎಂದು ಕೇಳಿದ್ದೀರಿ. ನಿಮಗೆ ಒಂದು ಕಡೆ 1 ಡಾಲರ್, ಇನ್ನೊಂದು ಕಡೆ 3, ಮತ್ತೊಂದು ಕಡೆ 3.76 ಎಂದು ಸಿಕ್ಕಿರುವುದು ಬಹುಶಃ ಮುದ್ರಣದೋಷವಲ್ಲ. ಮೂರೂ ಒಂದೇ ಮೊಕದ್ದಮೆಯ ಬೇರೆ ಬೇರೆ ಹಂತದ ಮೊತ್ತಗಳು.

ಮೊದಲು ತೀರ್ಪನ್ನು ಬರೆಯಿರಿ. 1986ರ ಜುಲೈ 29ರಂದು ನ್ಯೂಯಾರ್ಕಿನ ಜ್ಯೂರಿ ಎನ್‌ಎಫ್‌ಎಲ್ ಏಕಸ್ವಾಮ್ಯದ ತಪ್ಪು ಮಾಡಿದೆ ಎಂದು ಒಪ್ಪಿತು, ಆದರೆ ಕೊಡಿಸಿದ್ದು 1 ಡಾಲರ್. ಅಲ್ಲಿನ ಏಕಸ್ವಾಮ್ಯ ವಿರೋಧಿ ಕಾನೂನಿನಂತೆ ಪರಿಹಾರ ಮೂರು ಪಟ್ಟಾಗುತ್ತದೆ, ಹಾಗಾಗಿ 3. ಮೇಲ್ಮನವಿಗಳೆಲ್ಲ ಮುಗಿದು 1990ರಲ್ಲಿ ಚೆಕ್ ಬರೆಯುವ ಹೊತ್ತಿಗೆ 76 ಸೆಂಟ್ ಬಡ್ಡಿ ಸೇರಿತ್ತು. ಲೇಖನದಲ್ಲಿ ಒಂದೇ ಅಂಕಿ ಹಾಕುವುದಾದರೆ 3 ಹಾಕಿ, ತ್ರಿಗುಣದ ಮಾತನ್ನು ಪಕ್ಕದಲ್ಲೇ ಹೇಳಿ. ಎನ್‌ಎಫ್‌ಎಲ್ ಭರಿಸಬೇಕಾಗಿ ಬಂದ ಎದುರಾಳಿಯ ವಕೀಲರ ಶುಲ್ಕ ಸುಮಾರು 55 ಲಕ್ಷ ಡಾಲರ್. ಅದನ್ನು ಪರಿಹಾರಕ್ಕೆ ಕೂಡಿಸಬೇಡಿ. (ವಕೀಲರ ಮಟ್ಟಿಗಂತೂ ಫಸಲು ಚೆನ್ನಾಗಿಯೇ ಬಂತು.)

ಆಮೇಲೆ, ‘ಎನ್‌ಎಫ್‌ಎಲ್ ಇವರನ್ನು ಮುಳುಗಿಸಿತು’ ಎಂಬ ನಿಮ್ಮ ಸಾಲನ್ನು ಸಡಿಲಿಸಿ. ಟಿವಿ ಒಪ್ಪಂದಗಳ ಕುರಿತ ಮುಖ್ಯ ಆರೋಪವನ್ನು ಜ್ಯೂರಿ ಒಪ್ಪಲಿಲ್ಲ. 1983ರಿಂದ 85ರವರೆಗೆ ವಸಂತದಲ್ಲಿ ಆಡುತ್ತಿದ್ದ ಲೀಗನ್ನು 1986ರಿಂದ ಶರತ್ಕಾಲಕ್ಕೆ, ಅಂದರೆ ನೇರವಾಗಿ ಎನ್‌ಎಫ್‌ಎಲ್ ಎದುರಿಗೆ, ಒಯ್ಯುವ ತೀರ್ಮಾನ ಮಾಲೀಕರದೇ. ನ್ಯೂಜೆರ್ಸಿ ಜನರಲ್ಸ್ ತಂಡದ ಡೊನಾಲ್ಡ್ ಟ್ರಂಪ್ ಅದಕ್ಕೆ ಹೆಚ್ಚು ಒತ್ತಾಯಿಸಿದವರು. ನನ್ನ ಅಂದಾಜಿನಲ್ಲಿ ಪೆಟ್ಟು ಬಿದ್ದದ್ದು ಅಲ್ಲಿಯೇ. ಆ ಶರತ್ಕಾಲದ ಪಂದ್ಯಗಳು ನಡೆಯಲೇ ಇಲ್ಲ.

ಹುಡುಕುವಾಗ 1986 ಎಂದು ಸೇರಿಸಿ. 2022ರಲ್ಲಿ ಅದೇ ಹೆಸರಿನ ಬೇರೊಂದು ಲೀಗ್ ಶುರುವಾಯಿತು, ಎರಡರ ಮಾಹಿತಿ ಕಲಸಿಕೊಳ್ಳುತ್ತದೆ.