ಕಂಕುಳ ಬೆವರಿಗೆ ಚಿಕಿತ್ಸೆ: ಅಡ್ಡಪರಿಣಾಮಗಳೇನು?

ಪ್ರಶ್ನೆ: ನನಗೆ 27 ವರ್ಷ. ಮಂಗಳೂರಿನಲ್ಲಿ ಶಿಕ್ಷಕಿಯಾಗಿದ್ದೇನೆ. ಹೈಸ್ಕೂಲಿನ ದಿನಗಳಿಂದಲೂ ಎರಡೂ ಕಂಕುಳು ವಿಪರೀತ ಬೆವರುತ್ತವೆ. ಫ್ಯಾನಿನ ಕೆಳಗೆ ಕುಳಿತರೂ ರವಿಕೆ ಒದ್ದೆಯಾಗುತ್ತದೆ. ವೈದ್ಯರು ಬರೆದುಕೊಟ್ಟ ಅಲ್ಯೂಮಿನಿಯಂ ಕ್ಲೋರೈಡ್ ದ್ರಾವಣವನ್ನು ಸ್ನಾನ ಮಾಡಿದ ತಕ್ಷಣ ಹಚ್ಚಿಕೊಂಡರೆ ತಡೆಯಲಾಗದ ಉರಿ. ಇದನ್ನು ಬಿಟ್ಟು ಮಾತ್ರೆ, ಬೊಟಾಕ್ಸ್ ಅಥವಾ ಶಸ್ತ್ರಚಿಕಿತ್ಸೆಗೆ ಹೋದರೆ ತೊಂದರೆಗಳೇನು?
– ಹೆಸರು ಬೇಡ

ಉತ್ತರ: ಔಷಧವನ್ನು ಬಿಡುವ ಮೊದಲು ಹಚ್ಚುವ ಕ್ರಮವನ್ನು ಬದಲಿಸಿ ನೋಡಿ. ಅಲ್ಯೂಮಿನಿಯಂ ಕ್ಲೋರೈಡ್ ನೀರಿನೊಂದಿಗೆ ಸೇರಿದಾಗ ಹೈಡ್ರೋಕ್ಲೋರಿಕ್ ಆಮ್ಲ ಉಂಟಾಗುವುದರಿಂದ, ಸ್ನಾನದ ತೇವ ಆರುವ ಮೊದಲೇ ಹಚ್ಚಿದರೆ ಚರ್ಮ ಉರಿಯದೆ ಇರದು. ಬೆವರು ಕಡಿಮೆ ಇರುವ ರಾತ್ರಿಯ ಹೊತ್ತು, ಮಲಗುವ ಮುನ್ನ, ಕಂಕುಳನ್ನು ಒರೆಸಿ ಪೂರ್ತಿ ಆರಲು ಬಿಟ್ಟು, ತೆಳುವಾಗಿ ಸವರಿ, ಬೆಳಿಗ್ಗೆ ತೊಳೆದುಬಿಡಿ. ಕೂದಲು ತೆಗೆದ ಮೇಲೆ ಒಂದೆರಡು ದಿನ ಹಚ್ಚಬೇಡಿ. ಈಗ ಚರ್ಮ ಕೆಂಪಾಗಿದ್ದರೆ ಅದು ವಾಸಿಯಾಗುವವರೆಗೆ ನಿಲ್ಲಿಸಿ. ಉರಿಯೂತ ಇಳಿಸಲು ಸೌಮ್ಯವಾದ ಹೈಡ್ರೋಕಾರ್ಟಿಸೋನ್ ಮುಲಾಮನ್ನು ಕೆಲವು ದಿನ ಮಾತ್ರ, ವೈದ್ಯರನ್ನು ಕೇಳಿಯೇ ಬಳಸಿ.

ಗ್ಲೈಕೋಪೈರೊಲೇಟ್, ಆಕ್ಸಿಬ್ಯುಟಿನಿನ್ ಮಾತ್ರೆಗಳು ಕಂಕುಳಷ್ಟನ್ನೇ ಹುಡುಕಿಕೊಂಡು ಹೋಗುವುದಿಲ್ಲ. ಬಾಯಿ ಒಣಗುವುದು, ಮಲಬದ್ಧತೆ, ಕಣ್ಣು ಮಂಜಾಗುವುದು, ಮೂತ್ರ ಕಟ್ಟುವುದು ಇವುಗಳಿಂದ ಆಗಬಹುದಾದ ತೊಂದರೆಗಳು. ಕೆಲವು ಬಗೆಯ ಗ್ಲಾಕೋಮಾ (ಕಣ್ಣಿನ ನರಕ್ಕೆ ಹಾನಿ ಮಾಡುವ ಕಾಯಿಲೆ) ಇರುವವರಿಗೆ ಇವು ಸಲ್ಲವು. ಇಡೀ ಮೈಯ ಬೆವರು ತಗ್ಗುವುದರಿಂದ ದೇಹದ ಬಿಸಿ ಹೊರಹೋಗದೆ, ಏಪ್ರಿಲ್–ಮೇ ತಿಂಗಳ ಕರಾವಳಿಯ ಸೆಕೆಯಲ್ಲಿ ತಲೆಸುತ್ತು, ನಿತ್ರಾಣ ಕಾಣಿಸಿಕೊಳ್ಳುವ ಅಪಾಯವನ್ನು ನೀವು ವಿಶೇಷವಾಗಿ ಗಮನದಲ್ಲಿಡಬೇಕು.

ಹಚ್ಚುವ ಔಷಧ ಸಾಕಾಗದಿದ್ದರೆ ನಿಮ್ಮಂಥವರಿಗೆ ನಾನು ಹೆಚ್ಚು ಒಪ್ಪುವುದು ಬೊಟಾಕ್ಸ್ ಚುಚ್ಚುಮದ್ದನ್ನು. ಚುಚ್ಚಿದಲ್ಲಿ ನೋವು, ರಕ್ತ ಹೆಪ್ಪುಗಟ್ಟಿ ಚರ್ಮ ಕಂದುವುದು ಸಾಮಾನ್ಯ, ಆದರೆ ಬೇಗ ಕಡಿಮೆಯಾಗುತ್ತವೆ. ಕೆಲವರಿಗೆ ಬೇರೆಡೆ ಬೆವರು ಹೆಚ್ಚಬಹುದು. ಪರಿಣಾಮ ಕೆಲವು ತಿಂಗಳಷ್ಟೇ ಉಳಿಯುವುದರಿಂದ ಮತ್ತೆ ಮತ್ತೆ ಖರ್ಚು ಮಾಡಬೇಕಾಗುತ್ತದೆ. ಗರ್ಭಿಣಿಯರು, ಎದೆಹಾಲುಣಿಸುವವರು, ಮಯಸ್ತೇನಿಯಾದಂಥ ಸ್ನಾಯು ದೌರ್ಬಲ್ಯದ ಕಾಯಿಲೆ ಇರುವವರು ಇದನ್ನು ಮುಂಚಿತವಾಗಿ ತಿಳಿಸಲೇಬೇಕು.

ಎದೆಗೂಡಿನೊಳಗಿನ ನರವನ್ನು ಕತ್ತರಿಸುವ ಶಸ್ತ್ರಚಿಕಿತ್ಸೆಗೆ ಮಾತ್ರ ಅವಸರ ಮಾಡಬೇಡಿ ಎಂದು ಒತ್ತಿ ಹೇಳುತ್ತೇನೆ. ಅದಾದ ಮೇಲೆ ಅನೇಕರಿಗೆ ಬೆನ್ನು, ಹೊಟ್ಟೆ, ತೊಡೆಗಳಲ್ಲಿ ಹೊಸದಾಗಿ ಬೆವರು ಸುರಿಯತೊಡಗುತ್ತದೆ. ಕೆಲವರಿಗೆ ಅದು ಮೊದಲಿನ ತೊಂದರೆಗಿಂತಲೂ ಅಸಹನೀಯವಾಗುತ್ತದೆ, ಮತ್ತು ಕತ್ತರಿಸಿದ ನರವನ್ನು ಮೊದಲಿನಂತೆ ಮಾಡಲು ಭರವಸೆಯ ದಾರಿಯಿಲ್ಲ. ರೆಪ್ಪೆ ಜೋತುಬೀಳುವುದು, ಶ್ವಾಸಕೋಶದ ಸುತ್ತ ಗಾಳಿ ಸೇರುವುದು ಅಪರೂಪವಾದರೂ ಆಗುವಂಥವೇ. ಕಂಕುಳೊಂದೇ ಬೆವರುವವರಿಗೆ ಇದು ಕಟ್ಟಕಡೆಯ ಆಯ್ಕೆ.

ನಿಮಗೆ ಬಾಲ್ಯದ ಕೊನೆಯಿಂದಲೇ, ಎರಡೂ ಕಡೆ ಸಮನಾಗಿ ಬೆವರುತ್ತಿರುವುದರಿಂದ ಬೇರೆ ಕಾಯಿಲೆಯ ಶಂಕೆ ಕಡಿಮೆ. ಆದರೂ ರಾತ್ರಿ ನಿದ್ದೆಯಲ್ಲಿ ಹಾಸಿಗೆ ನೆನೆಯುವಷ್ಟು ಬೆವರು, ತೂಕ ಇಳಿಯುವುದು, ಎದೆಬಡಿತ ಜೋರಾಗುವುದು ಇದ್ದಲ್ಲಿ ಥೈರಾಯ್ಡ್ ಮತ್ತಿತರ ಪರೀಕ್ಷೆಗಳನ್ನು ಮೊದಲು ಮಾಡಿಸಿ.