ಟವೆಲ್ ರಾಡ್ ಜೊತೆ ಬಂದ ಸ್ಕ್ರೂ ಪೂರ್ತಿ ಒಳಗೆ ಹೋಗುವ ಮೊದಲೇ ತಲೆ ಸವೆದುಹೋಯಿತು, ತಪ್ಪು ನನ್ನದಾ?

ನಿಮ್ಮದು ಕಾಲು ಭಾಗ ಇರಬಹುದು, ಮುಕ್ಕಾಲು ಆ ಸ್ಕ್ರೂದು. ನಾನಂತೂ ಈಗ ಡಬ್ಬ ತೆರೆದ ಕೂಡಲೇ ಆ ಪುಟ್ಟ ಪ್ಲಾಸ್ಟಿಕ್ ಪೊಟ್ಟಣವನ್ನು ಪಕ್ಕಕ್ಕೆ ಎಸೆಯುತ್ತೇನೆ. ಆನೆ ಕೊಟ್ಟು ಅಂಕುಶಕ್ಕೆ ಜಿಪುಣತನ ಮಾಡಿದ ಹಾಗೆ ಅದು. ರಾಡ್ ಫಳಫಳ ಹೊಳೆಯುತ್ತದೆ, ಅದನ್ನು ಗೋಡೆಗೆ ಹಿಡಿದಿಡಬೇಕಾದ ಸ್ಕ್ರೂ ಮಾತ್ರ ಬೆಣ್ಣೆ.

ನಿಮ್ಮ ಕಾಲು ಭಾಗ ಯಾವುದು ಅಂದರೆ ಸ್ಕ್ರೂಡ್ರೈವರ್. ಸ್ಟಾರ್ ತಲೆ ಎಲ್ಲಾ ಒಂದೇ ಅಲ್ಲ. ಫಿಲಿಪ್ಸ್ ಬೇರೆ, ಪೋಜಿಡ್ರೈವ್ ಬೇರೆ. ತಲೆಯ ಮೇಲೆ ನಾಲ್ಕು ಸೀಳುಗಳ ನಡುವೆ ಇನ್ನೂ ನಾಲ್ಕು ಸಣ್ಣ ಗೀರು ಕಂಡರೆ ಅದು ಪೋಜಿಡ್ರೈವ್, ಅದಕ್ಕೆ ಫಿಲಿಪ್ಸ್ ಬಿಟ್ (ಸ್ಕ್ರೂಡ್ರೈವರ್ ತುದಿ) ಹಾಕಿದರೆ ಜಾರುತ್ತದೆ. ಆದರೆ ಪೊಟ್ಟಣದ ಸ್ಕ್ರೂಗಳಲ್ಲಿ ಎಷ್ಟೋ ಸಲ ಸೀಳೇ ಆಳ ಇರುವುದಿಲ್ಲ, ಸರಿಯಾದ ಬಿಟ್ ಹಾಕಿ ಮೈಭಾರವೆಲ್ಲ ಬಿಟ್ಟು ಒತ್ತಿದರೂ ಎರಡು ಸುತ್ತು ತಿರುಗುವಷ್ಟರಲ್ಲಿ ಬಿಟ್ ಮೇಲಕ್ಕೆ ಎದ್ದು ಬರುತ್ತದೆ, ಮೂರನೇ ಸುತ್ತಿನಲ್ಲಿ ತಲೆಯಲ್ಲಿ ಗುಂಡನೆಯ ಗುಳಿ ಅಷ್ಟೇ ಉಳಿಯುತ್ತದೆ.

ನನಗೆ ಜಾಸ್ತಿ ಸಿಟ್ಟು ಬರುವುದು ಗಿಟ್ಟಿ ಮೇಲೆ, ಅಂದರೆ ಸ್ಕ್ರೂ ಹಿಡಿದುಕೊಳ್ಳಲಿ ಅಂತ ಗೋಡೆಯ ತೂತಿಗೆ ತೂರಿಸುವ ಪ್ಲಾಸ್ಟಿಕ್ ಕೊಳವೆ. ಗೋಡೆ ಮೇಲಿನ ಗಾರೆಯೇ ಸುಮಾರು 12ರಿಂದ 20 ಮಿಲಿಮೀಟರ್ ಇರುತ್ತದೆ. ಟೈಲ್ಸ್ ಇದ್ದರೆ ಅದರ ದಪ್ಪ ಬೇರೆ. ರಾಡ್ ಜೊತೆ ಕೊಡುವುದು ಹೆಚ್ಚಾಗಿ 25 ಮಿಲಿಮೀಟರ್ ಗಿಟ್ಟಿ. ಅಂದರೆ ಅದು ಇಟ್ಟಿಗೆಯೊಳಗೆ ಹೋದರೂ ಸ್ವಲ್ಪವೇ, ಗಾರೆ ದಪ್ಪ ಇದ್ದು ಟೈಲ್ಸೂ ಇದ್ದರೆ ಇಟ್ಟಿಗೆ ಮುಟ್ಟದೆ ಗಾರೆಯಲ್ಲೇ ಕೂತಿರಬಹುದು. ನಮ್ಮ ಮನೆಯ ರಾಡ್ ಒಂದು ರಾತ್ರಿ ಒದ್ದೆ ಟವೆಲ್ ಸಮೇತ ಕೆಳಗೆ ಬಿತ್ತು. ಬೆಳಿಗ್ಗೆ ನೋಡಿದರೆ ಗಿಟ್ಟಿ ಸ್ಕ್ರೂಗೆ ಕಚ್ಚಿಕೊಂಡೇ ಇತ್ತು, ಸುತ್ತಲಿನ ಗಾರೆ ಪುಡಿಯಾಗಿತ್ತು! ಆಮೇಲೆ 50 ಮಿಲಿಮೀಟರ್ ನೈಲಾನ್ ಗಿಟ್ಟಿ, ಅದಕ್ಕೆ ತಕ್ಕ ಉದ್ದದ ಸ್ಟೇನ್‌ಲೆಸ್ ಸ್ಕ್ರೂ ತಂದು ಹಾಕಿದೆ, ಇವತ್ತಿಗೂ ಅಲುಗಿಲ್ಲ.

ಬಚ್ಚಲುಮನೆಗೆ ಸ್ಟೇನ್‌ಲೆಸ್ಸೇ ಬೇಕು, ಅದರಲ್ಲೂ 304 ಅನ್ನುವ ದರ್ಜೆಯದಾದರೆ ಒಳ್ಳೆಯದು. ಪೊಟ್ಟಣದಲ್ಲಿ ಬರುವುದು ಹೆಚ್ಚಾಗಿ ತೆಳು ಸತುವಿನ ಲೇಪದ ಕಬ್ಬಿಣ. ತಿರುಗಿಸುವಾಗಲೇ ತಲೆಯ ಲೇಪ ಕಿತ್ತುಹೋಗಿ, ಸ್ವಲ್ಪ ದಿನದಲ್ಲೇ ತುಕ್ಕಿನ ನೀರು ಟೈಲ್ಸ್ ಮೇಲೆ ಇಳಿಯುತ್ತದೆ. ಆಯಸ್ಕಾಂತ ಹಿಡಿದು ನೋಡಿ. 304 ಸ್ವಲ್ಪ ಎಳೆದರೂ ಎಳೆಯಬಹುದು, ಆದರೆ ಚಟಕ್ಕನೆ ಗಟ್ಟಿಯಾಗಿ ಅಂಟಿಕೊಂಡರೆ ಅನುಮಾನ ಪಡಿ.

ಈಗ ನಿಮ್ಮ ಸಿಕ್ಕಿಹಾಕಿಕೊಂಡ ಸ್ಕ್ರೂ. ಇನ್ನೂ ಪೂರ್ತಿ ಹೋಗಿಲ್ಲ ಅಂದಿರಿ ಅಲ್ವಾ, ಅದೇ ಅದೃಷ್ಟ. ಹೊರಗಿರುವ ತಲೆಯನ್ನು ಇಕ್ಕಳದಲ್ಲಿ ಬಿಗಿಯಾಗಿ ಹಿಡಿದು ಎಡಕ್ಕೆ ತಿರುಗಿಸಿ. ಹಿಡಿತ ಸಿಗದಿದ್ದರೆ ಅಗಲವಾದ ರಬ್ಬರ್ ಬ್ಯಾಂಡ್ ಗುಳಿಯ ಮೇಲಿಟ್ಟು ಒತ್ತಿ ತಿರುಗಿಸಿ ನೋಡಿ (ನನಗೆ ಮೂರರಲ್ಲಿ ಒಂದು ಸಲ ಕೆಲಸ ಮಾಡಿದೆ). ಅದೂ ಆಗದಿದ್ದರೆ ಹ್ಯಾಕ್ಸಾ ಬ್ಲೇಡಿನಿಂದ ತಲೆಗೆ ಅಡ್ಡ ಸೀಳು ಕೊಯ್ದು ಚಪ್ಪಟೆ ಸ್ಕ್ರೂಡ್ರೈವರ್ ಹಾಕಿ. ಡ್ರಿಲ್ ಮೆಷಿನ್‌ನಲ್ಲಿ ಜೋರಾಗಿ ತಿರುಗಿಸಲು ಮಾತ್ರ ಹೋಗಬೇಡಿ, ತಲೆಯೇ ಮುರಿದು ಬರುತ್ತದೆ.

ಹಾಂ, ರಾಡ್ ಕೆಳಗೆ ಅಲೆನ್ ಕೀ (ಆರು ಮೂಲೆಯ, ಬಾಗಿದ ಸಣ್ಣ ಕೀಲಿ) ಹಾಕುವ ಸಣ್ಣ ಸ್ಕ್ರೂ ಇರುತ್ತದಲ್ಲ, ಅದಕ್ಕೆ ಒಂದು ಚೂರು ಗ್ರೀಸ್ ಹಚ್ಚಿ ಹಾಕಿ. ಇಲ್ಲದಿದ್ದರೆ ಮುಂದೆ ರಾಡ್ ಬಿಚ್ಚಬೇಕಾದ ದಿನ ಇದೇ ಪ್ರಶ್ನೆ ಮತ್ತೆ ಕೇಳುತ್ತೀರಿ.