ಎದೆಹಾಲಿನಲ್ಲಿ ಬಿಳಿ ರಕ್ತಕಣ ಕಂಡರೆ ಸೋಂಕು ಅಂತಲೇ ಅರ್ಥವಾ?

ಹಾಲಿನ ಪರೀಕ್ಷೆಯಲ್ಲಿ "ಸಿಡಿ45 ಪಾಸಿಟಿವ್" ಕಣಗಳಿವೆ ಅಂತ ಬಂದಿದೆ, ಎದೆಯಲ್ಲಿ ಸೋಂಕಿದೆಯಾ ಅಂತ ಕೇಳಿದ್ದೀರಿ. ಆ ಒಂದು ಸಾಲು ನೋಡಿ ಹೆದರಬೇಡಿ. ಸಿಡಿ45 ಅನ್ನುವುದು ಬಿಳಿ ರಕ್ತಕಣಗಳ ಮೈಮೇಲಿರುವ ಪ್ರೋಟೀನು. ಹಾಲು ತಯಾರಿಸುವ ಜೀವಕೋಶಗಳ ಮೇಲೆ ಅದು ಇರುವುದಿಲ್ಲ, ಹಾಗಾಗಿ ಎರಡನ್ನೂ ಬೇರೆ ಮಾಡಿ ಎಣಿಸಲು ಅದನ್ನು ಗುರುತಾಗಿ ಬಳಸುತ್ತಾರೆ. ಆರೋಗ್ಯವಾಗಿರುವ ತಾಯಿಯ ಹಾಲಿನಲ್ಲೂ ಈ ಕಣಗಳು ಇದ್ದೇ ಇರುತ್ತವೆ. ಗಿಣ್ಣುಹಾಲಿನಲ್ಲಿ ಜಾಸ್ತಿ, ಆಮೇಲೆ ತುಂಬಾ ಇಳಿಯುತ್ತವೆ.

ನಾನು ಲ್ಯಾಬಿನಲ್ಲಿ ಇಂಥ ಸ್ಯಾಂಪಲ್ ನೋಡಿದ್ದೇನೆ. ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿದರೆ ಕೊಬ್ಬು ಕೆನೆಯ ಹಾಗೆ ಮೇಲೆ ಕೂರುತ್ತದೆ, ಕಣಗಳು ತಳದಲ್ಲಿ ಚಿಟಿಕೆಯಷ್ಟು. ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿಟ್ಟರೆ ಮ್ಯಾಕ್ರೋಫೇಜ್‌ಗಳು (ಸಿಕ್ಕಿದ್ದನ್ನು ನುಂಗುವ ಬಿಳಿ ರಕ್ತಕಣಗಳು) ಕೊಬ್ಬಿನ ಹನಿ ನುಂಗಿ ನೊರೆಯಂತೆ ಉಬ್ಬಿರುತ್ತವೆ. ಮೊದಲ ಸಲ ನೋಡಿದಾಗ ಸ್ಲೈಡೇ ಕೆಟ್ಟಿದೆ ಅಂದುಕೊಂಡು ಇನ್ನೊಂದು ಮಾಡಿದ್ದೆ. ಅದರಲ್ಲೂ ಅದೇ!

ನನಗೆ ಎಲ್ಲಕ್ಕಿಂತ ಸೋಜಿಗ ಐಜಿಎ, ಅಂದರೆ ರೋಗಾಣುವಿಗೆ ಅಂಟಿ ಅದನ್ನು ತಡೆಯುವ ಒಂದು ಬಗೆಯ ಆ್ಯಂಟಿಬಾಡಿ. ಹಾಲಿನ ಆ್ಯಂಟಿಬಾಡಿಗಳಲ್ಲಿ ಹೆಚ್ಚುಪಾಲು ಇದೇ. ತಾಯಿಯ ಕರುಳು ಯಾವುದೋ ರೋಗಾಣುವನ್ನು ಕಂಡಿರುತ್ತದೆ. ಅಲ್ಲಿ ಪಾಠ ಕಲಿತ ಬಿ ಕಣಗಳು (ಆ್ಯಂಟಿಬಾಡಿ ಮಾಡುವ ಬಿಳಿ ರಕ್ತಕಣಗಳು) ರಕ್ತದಲ್ಲಿ ಹೊರಟು ಎದೆಗೆ ಬಂದು ನೆಲೆಸುತ್ತವೆ. ಬಾಣಂತಿಯ ಎದೆಯ ಅಂಗಾಂಶ ಸಿಸಿಎಲ್28 ಅನ್ನುವ ರಾಸಾಯನಿಕ ಬಿಟ್ಟು ಅವನ್ನು ಕರೆಯುತ್ತದೆ, ಆ ಬಿ ಕಣಗಳ ಮೇಲಿನ ಸಿಸಿಆರ್10 ಅನ್ನುವ ಪ್ರೋಟೀನು ಆ ಕರೆ ಹಿಡಿಯುತ್ತದೆ. ಅವು ಮಾಡಿದ ಐಜಿಎಯನ್ನು ಹಾಲಿನ ಕೋಶ ಒಂದು ಬದಿಯಿಂದ ಹಿಡಿದು, ಒಳಗಿಂದ ಸಾಗಿಸಿ, ಆಚೆ ಬದಿ ಹಾಲಿಗೆ ಬಿಡುತ್ತದೆ. ಬಿಡುವಾಗ ತನ್ನದೇ ಪ್ರೋಟೀನಿನ ಒಂದು ತುಂಡನ್ನೂ ಸುತ್ತಿ ಕಳಿಸುತ್ತದೆ. ಅದರಿಂದಲೇ ಮಗುವಿನ ಹೊಟ್ಟೆಯಲ್ಲಿ ಐಜಿಎ ಬೇಗ ಜೀರ್ಣವಾಗುವುದಿಲ್ಲ.

ಹಾಲಿನಲ್ಲಿ ರೋಗಾಣುಗಳನ್ನು ತಡೆಯುವ ಲ್ಯಾಕ್ಟೋಫೆರಿನ್, ಲೈಸೋಜೈಮ್ ಅನ್ನುವ ಪ್ರೋಟೀನುಗಳೂ ಇರುತ್ತವೆ. ಲೈಸೋಜೈಮ್ ತಿಂಗಳು ಕಳೆದಂತೆ ಏರುತ್ತದೆ, ಅದೊಂದು ತಮಾಷೆ.

ಎದೆಬಾವು ಆದಾಗ ಕಥೆಯೇ ಬೇರೆ. ನ್ಯೂಟ್ರೋಫಿಲ್ ಅನ್ನುವ ಬಿಳಿ ರಕ್ತಕಣಗಳು ನುಗ್ಗುತ್ತವೆ, ಅವನ್ನು ಕರೆಯುವ ಐಎಲ್-8 ಅನ್ನುವ ರಾಸಾಯನಿಕ ಏರುತ್ತದೆ, ಹಾಲಿನ ಕೋಶಗಳ ನಡುವಿನ ಬೆಸುಗೆ ಸಡಿಲವಾಗಿ ಸೋಡಿಯಂ ಒಳಬರುತ್ತದೆ. ಹಾಲು ಉಪ್ಪಾಗುತ್ತದೆ, ಕೆಲವು ಮಕ್ಕಳು ಆ ಕಡೆ ಕುಡಿಯಲು ಒಲ್ಲೆ ಅನ್ನುತ್ತವೆ. ಎದೆ ಕೆಂಪಾಗಿ, ಬಿಸಿಯಾಗಿ ನೋಯುತ್ತಿದೆಯಾ? ಜ್ವರ ಇದೆಯಾ? ಇದ್ದರೆ ಇವತ್ತೇ ವೈದ್ಯರನ್ನು ನೋಡಿ. ಆಗಲೂ ಸಾಮಾನ್ಯವಾಗಿ ಹಾಲು ನಿಲ್ಲಿಸಬೇಕಾಗಿಲ್ಲ.

ಇನ್ನೊಂದು ವಿಷಯ. ಸ್ಯಾಂಪಲ್ ಕೊಟ್ಟ ದಿನ ಮಗುವಿಗೆ ಶೀತ, ಜ್ವರ ಏನಾದರೂ ಇತ್ತಾ? ಮಗುವಿಗೆ ಹುಷಾರಿಲ್ಲದಾಗಲೂ ಹಾಲಿನಲ್ಲಿ ಬಿಳಿಕಣ ಏರಿದ್ದುಂಟು. ರಿಪೋರ್ಟ್ ತೋರಿಸುವಾಗ ಅದನ್ನೂ ಹೇಳಿ.